ನಲವತ್ತು ದಾಟಿದ ಮ್ಯಾಲ ಬರೋ ಪದ

ಸುರಪುರದ ಒಂದು ಮನೆಯ ಪಡಸಾಲೆ. ಮಾತಾಡುವವರು ಮೂವರು. ಭಜನೆಗೂ ಬಯಲಾಟಕ್ಕೂ ಪೇಟಿ ಬಾರಿಸುತ್ತಲೇ ಎಪ್ಪತ್ತು ದಾಟಿದ ಮುತ್ಯಾ. ಯಾದಗಿರಿಯ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ಅವರ ಮಗಳು. ಶಹಾಪುರದಲ್ಲಿ ಮದುವೆ, ಮೆರವಣಿಗೆಗಳಿಗೆ ಡಿಜೆ ಹಚ್ಚುವ ಮೊಮ್ಮಗ. ಪೇಟಿ ಎಂದರೆ ಈ ಸೀಮೆಯಲ್ಲಿ ಹಾರ್ಮೋನಿಯಂ.

ಮುತ್ಯಾ: ನಿನ್ನೆ ಮೆರವಣಿಗ್ಯಾಗ ನೀ ಹಚ್ಚಿದ ಹಾಡು ಒಂದೂ ತಿಳೀಲಿಲ್ಲ ತಮ್ಮಾ. ಪದದಾಗ ಏನದ ಅಂತ ಕಿವಿ ಕೊಟ್ಟು ನಿಂತೆ. ಎದಿ ದಡದಡ ಅಂತು, ಒಂದು ಅಕ್ಷರ ಕೈಗಿ ಸಿಗಲಿಲ್ಲ.

ಮೊಮ್ಮಗ: ಮೆರವಣಿಗಿಗಿ ಮಂದಿ ಕುಣಿಲಾಕ ಬರ್ತಾರ ಮುತ್ಯಾ, ಕುಂತು ಕೇಳ್ಲಾಕ ಅಲ್ಲ. ಆದ್ರ ನಾನೂ ಸುಮ್ನ ಸಿಕ್ಕಿದ್ದು ಹಚ್ಚಲ್ಲ. ಮುಂದ ಯಾವ ವಯಸ್ಸಿನವ್ರು ನಿಂತಾರ ಅಂತ ನೋಡ್ತೀನಿ. ಮೊದಲ ಒಂದು ದೇವರ ಹಾಡು. ಆಮ್ಯಾಲ ಮದುಮಗನ ಗೆಳೆಯರಿಗಿ ಈಗಿನ ಜಾನಪದ. ಅವರು ದಣಿದು ನೀರು ಕುಡಿಲಾಕ ಸರಿದ್ರೋ, ಹಿಂದ ಕೈಕಟ್ಟಿ ನಿಂತ ಐವತ್ತು ದಾಟಿದ ಕಾಕಾಗಳನ್ನ ಎಳೀಬೇಕು. ಅವರಿಗಿ 'ಪ್ರೇಮಲೋಕ' ಹಚ್ತೀನಿ. ಹಂಸಲೇಖರ ಮ್ಯೂಸಿಕ್ ಸುರುವಾತಂದ್ರ ಹೆಗಲ ಮ್ಯಾಲಿನ ಟವೆಲ್ ತಲಿಗಿ ಸುತ್ತಿಕೊಂಡು ನಡುವ ಬರ್ತಾರ. ನಿಮ್ಮ ಸಾಲಿನವರಿಗಿ ರಾಜಕುಮಾರ. ನೀವು ಕುಣಿಯಲ್ಲ, ಆದ್ರ ತುಟಿ ಅಲ್ಲಾಡ್ತಾವ. ನಾ ನೋಡೀನಿ.

ಮಗಳು: ನೀ ಹೇಳೋದು ನಮ್ಮ ಪಾಠದಾಗ ಬರ್ತದ ಅಳಿಯಾ. 1989ರಾಗ ಅಮೆರಿಕದ ಹಾಲ್‌ಬ್ರುಕ್, ಶಿಂಡ್ಲರ್ ಅನ್ನೋ ಇಬ್ಬರು ಬ್ಯಾರೆ ಬ್ಯಾರೆ ಕಾಲದ ಹಾಡುಗಳನ್ನ ಬ್ಯಾರೆ ಬ್ಯಾರೆ ವಯಸ್ಸಿನವರಿಗಿ ಕೇಳಿಸಿ, ಯಾವುದು ಎಷ್ಟು ಸೇರ್ತದ ಅಂತ ಅಳತಿ ಮಾಡಿದ್ರು. ತಮಗ ಇಪ್ಪತ್ಮೂರು, ಇಪ್ಪತ್ನಾಲ್ಕು ಆಗಿದ್ದಾಗ ಬಂದ ಹಾಡೇ ಮಂದಿಗಿ ಎಲ್ಲಕ್ಕಿಂತ ಹೆಚ್ಚು ಸೇರಿತ್ತು. ಪ್ರೇಮಲೋಕ ಬಂದದ್ದು 1987. ನಿನ್ನ ಕಾಕಾಗಳ ಹರೇದ ಲೆಕ್ಕ ಹಾಕು, ಹತ್ರ ಹತ್ರ ಕೂಡ್ತದ. ನನ್ನದೂ ಹಂಗೇ. 'ಮುಂಗಾರು ಮಳೆ' ಬಂದ 2006ರಾಗ ನನಗ ಇಪ್ಪತ್ಮೂರು. ಇವತ್ತಿಗೂ ಮನೋಮೂರ್ತಿ ಸಂಗೀತ ಕಿವಿಗಿ ಬಿದ್ರ ಕೈಯಾಗಿನ ಕೆಲಸ ನಿಲ್ತದ.

ಮುತ್ಯಾ: ನಿಮ್ಮ ಲೆಕ್ಕ ನನಗ ಅರ್ಧ ಕೂಡ್ತದ, ಅರ್ಧ ಕೂಡಲ್ಲ. ರಾಜಕುಮಾರ 'ಸಂಪತ್ತಿಗೆ ಸವಾಲ್‌'ದಾಗ ಹಾಡಿದ್ದು 1974, ನಾ ಆಗ ಇಪ್ಪತ್ತೆರಡರ ಹುಡುಗ. ಆ ಹಾಡು ಅಂದ್ರ ನನಗ ಜೀವ. ಆದ್ರ ಅದಕ್ಕಿಂತ ಮೊದಲ ಎದ್ಯಾಗ ಕುಂತದ್ದು ಹಿಂದಿ ಹಾಡು. ಯಾಕಂದ್ರ ನಮ್ಮಪ್ಪ ಕಲಿತದ್ದು ಉರ್ದು ಸಾಲ್ಯಾಗ. 1948ರ ಸೆಪ್ಟೆಂಬರ್ ತನಕ ಇದು ನಿಜಾಮನ ಸೀಮಿ. ಮನ್ಯಾಗ ಕನ್ನಡ, ಕಚೇರ್ಯಾಗ ಉರ್ದು. ಗೋಗಿ ಉರ್ಸಿಗಿ ಹೋಗಿ ಕವ್ವಾಲಿ ಕೇಳಿದ್ರ ನಮ್ಮಪ್ಪಗ ಅರ್ಥ ಸಮೇತ ತಿಳೀತಿತ್ತು. ಮಹಮ್ಮದ್ ರಫಿ, ತಲತ್ ಮಹಮೂದ್ ಅಂದ್ರ ಊಟ ಬಿಟ್ಟು ಏಳ್ತಿದ್ದ. ನಾ ಸಾಲಿಗಿ ಹೋಗೋ ಹೊತ್ತಿಗಿ 1956 ದಾಟಿ, ನಾವು ಮೈಸೂರು ರಾಜ್ಯಕ್ಕ ಸೇರಿ, ಸಾಲಿ ಕನ್ನಡ ಆಗಿತ್ತು. ನನಗ ರಾಗ ಹಿಡೀತಿತ್ತು, ಉರ್ದು ಮಾತು ಅರ್ಧ ಹೋಗಿತ್ತು.

ಮಗಳು: ಇದನ್ನ ಅಮೆರಿಕದವರ ಅಳತ್ಯಾಗ ಹಿಡಿಲಾಕ ಬರಲ್ಲ. ನಮ್ಮ ಯಾದಗಿರಿ, ಶಹಾಪುರ, ಸುರಪುರದಾಗ ಅಪ್ಪನ ಹಾಡು ಮಗನಿಗಿ ದೂರ ಆಗಿದ್ದು ವಯಸ್ಸಿನ ಕಾರಣಕ್ಕ ಅಷ್ಟೇ ಅಲ್ಲ. ಸಾಲಿ ಭಾಷಾ ಬದಲಾತು. ಆಮ್ಯಾಲ ಬೆಳಿ ಬದಲಾತು. ನಾರಾಯಣಪುರದ ಅಣೆಕಟ್ಟಿನ ನೀರು ಬಂದ ಮ್ಯಾಲ ಶಹಾಪುರ, ಸುರಪುರದ ಜೋಳದ ಹೊಲ ಭತ್ತದ ಗದ್ದಿ ಆದವು. ಆಂಧ್ರದವರ ಕ್ಯಾಂಪ್ ಎದ್ದವು. ನಾಟಿ ಹಚ್ಚೋ ಹೆಣ್ಮಕ್ಕಳ ಬಾಯಾಗ ತೆಲುಗು ಪದ ಬಂತು. ಅದಕ್ಕೂ ಮೊದಲ ಹಿಟ್ಟಿನ ಗಿರಣಿ ಬಂದಿತ್ತು. ಬೀಸೋ ಕಲ್ಲು ನಿಂತ ಮ್ಯಾಲ ಬೀಸೋ ಪದ ಹಾಡ್ಲಾಕ ಹೊತ್ತು ಎಲ್ಲದ? ನಮ್ಮವ್ವಗ ಆ ಪದ ಬರ್ತಿದ್ದವು. ನನಗ ಒಂದೂ ಬರಲ್ಲ. ನನಗ ಅವು ಸೇರಲಿಲ್ಲ ಅಂತಲ್ಲ, ನಾ ಕಲ್ಲಿನ ಮುಂದ ಕುಂತೇ ಇಲ್ಲ.

ಮೊಮ್ಮಗ: ಮುತ್ಯಾ, ನೀ ಸಿನಿಮಾ ಹಾಡು ಕೇಳಿದ್ರ ನಿಮ್ಮಪ್ಪ ಏನೂ ಅಂತಿರಲಿಲ್ಲೇನು?

ಮುತ್ಯಾ: ನಮ್ಮಪ್ಪ ಏನೂ ಅನ್ನಲಿಲ್ಲ, ಸರ್ಕಾರ ಅಂತು. 1952ರಾಗ ಬಿ.ವಿ. ಕೇಸ್ಕರ್ ಅಂತ ದಿಲ್ಲ್ಯಾಗ ಮಂತ್ರಿ ಆದ್ರು. ಶಾಸ್ತ್ರೀಯ ಸಂಗೀತ ಬಲ್ಲವರು. ಸಿನಿಮಾ ಹಾಡು ಹಗುರ, ಮಂದಿ ಕಿವಿ ಕೆಡಸ್ತದ ಅಂತ ಆಕಾಶವಾಣಿಯಿಂದ ಅದನ್ನ ದೂರ ಇಟ್ರು. ಮಂದಿ ಏನು ಮಾಡಿದ್ರು? ರೇಡಿಯೊದ ಮುಳ್ಳು ತಿರುವಿ ಸಿಲೋನಿಗಿ ಹೋದ್ರು. ಅದೇ 1952ರಾಗ ಅಲ್ಲಿ ಬಿನಾಕಾ ಗೀತಮಾಲಾ ಅನ್ನೋ ಸಿನಿಮಾ ಹಾಡಿನ ಕಾರ್ಯಕ್ರಮ ಸುರುವಾತು. ಬುಧವಾರ ರಾತ್ರಿ 8ಕ್ಕ ಅಮೀನ್ ಸಯಾನಿ ದನಿ. ನಾ ದೊಡ್ಡವನಾಗೋ ಹೊತ್ತಿಗಿ ನಮ್ಮ ಓಣ್ಯಾಗ ರೇಡಿಯೊ ಇದ್ದದ್ದು ಒಬ್ಬ ಸಾಹುಕಾರರ ಮನ್ಯಾಗ. ಕಟ್ಟಿ ಮ್ಯಾಲ ಕುಂತು ಕೇಳ್ತಿದ್ವಿ. ಗಾಳಿ ಬೀಸಿದಂಗ ದನಿ ಹೋಗ್ತಿತ್ತು, ಬರ್ತಿತ್ತು. ಹೋದಾಗ ನಾವೇ ಹಾಡಿ ತುಂಬಸ್ತಿದ್ವಿ. ಅದಕ್ಕೂ ಮೊದಲೇ ಸರ್ಕಾರಕ್ಕೂ ತಿಳಿದು, 1957ರಾಗ ಸಿನಿಮಾ ಹಾಡಿಗಿ ವಿವಿಧ ಭಾರತಿ ತೆಗೆದಿತ್ತು.

ಮೊಮ್ಮಗ: ಹಂಗಂದ್ರ ಮಂತ್ರಿ ಬ್ಯಾಡ ಅಂದ್ರೂ ಮಂದಿ ರುಚಿ ಬದಲಾಗಲಿಲ್ಲ.

ಮುತ್ಯಾ: ಇನ್ನೊಂದು ಕೇಳು. ನಾ ಜೀವಮಾನ ಎಲ್ಲಾ ಬಾರಿಸಿದ ಈ ಪೇಟಿ ಅದಲ್ಲ, ಇದನ್ನ 1940ರಾಗ ಆಕಾಶವಾಣಿ ಹೊರಗ ಹಾಕಿತ್ತು. ಪರದೇಶದ ವಾದ್ಯ, ಸ್ವರದಿಂದ ಸ್ವರಕ್ಕ ಜಾರೋ ಮೀಂಡ ತೆಗಿಲಾಕ ಬರಲ್ಲ, ನಮ್ಮ ಶ್ರುತಿ ಇದರಾಗ ಕೂಡಲ್ಲ ಅಂತ ಕಾರಣ ಕೊಟ್ಟಿದ್ರು. 1971ರ ತನಕ ಆ ನಿಷೇಧ ಸಡಿಲ ಆಗಲಿಲ್ಲ. 1966ರಾಗ ನಮ್ಮ ಕಲಬುರಗಿ ಆಕಾಶವಾಣಿ ಸುರುವಾದಾಗಲೂ ಪೇಟಿಗಿ ಅದೇ ಕಾನೂನು. ಇತ್ತ ಹಳ್ಳ್ಯಾಗ ಪೇಟಿ ಇಲ್ಲದ ಭಜನಿ ಇರಲಿಲ್ಲ, ಪೇಟಿ ಇಲ್ಲದ ಬಯಲಾಟ ಇರಲಿಲ್ಲ. ಈಗ ನೋಡು, ಪೇಟಿ ಕಂಡ್ರ ಮಂದಿ ನಮ್ಮ ಹಳೇ ಪರಂಪರಾ ಅಂತಾರ.

ಮೊಮ್ಮಗ: ಅದಕ್ಕೇ ನಾ ಅನ್ನೋದು. ಇವತ್ತು ಡಿಜೆಗಿ ಬೈಯೋ ಮಾತು ಅವತ್ತು ಪೇಟಿಗಿ ಬೈದ ಮಾತೇ.

ಮುತ್ಯಾ: ಎಲ್ಲಾ ಅದೇ ಅಲ್ಲ ತಮ್ಮಾ. ಪೇಟಿ ಮುಂದ ಕುಂತವ್ರು ಹಾಡ್ತಾರ. ಒಬ್ಬ ಪದ ಎತ್ತಿದ್ರ ಹತ್ತು ಮಂದಿ ಹಿಂದ ಹಿಡೀತಾರ. ಅದರಾಗ ದನಿ ಒಡೆದ ಮುದುಕ ಇರ್ತಾನ, ಮೀಸಿ ಬರದ ಹುಡುಗ ಇರ್ತಾನ. ನಿನ್ನ ಸೌಂಡ್ ಬಾಕ್ಸಿನ ಮುಂದ ಯಾರ ಬಾಯಿ ತೆರೀತದ?

ಮೊಮ್ಮಗ: ತೆರೀತಾವ ಮುತ್ಯಾ, ನೀ ಮನಿ ಒಳಗ ಇರ್ತಿ, ನೋಡಿಲ್ಲ. ಪಲ್ಲವಿ ಬಂದಾಗ ನಾ ದನಿ ಪೂರಾ ಇಳಸ್ತೀನಿ. ಇಡೀ ಓಣಿ ಹಾಡ್ತದ. ಮತ್ತ ಆ ಹಾಡಿನ ಕೆಳಗ ಬೀಳೋ ಏಟು ಯಾವುದು ಅಂದ್ಕೊಂಡಿ? ಹಲಗಿದು, ಡೊಳ್ಳಿದು. ಅದನ್ನೇ ಕಂಪ್ಯೂಟರ್‌ದಾಗ ಕಟ್ಯಾರ. ಮಾತೂ ನಮ್ಮದೇ. ಸಿನಿಮಾದಾಗ ನಮ್ಮ ಕಡಿ ಮಾತು ಬರ್ತಿದ್ದದ್ದು ನಗಸ್ಲಾಕ ಮಾತ್ರ. ಈ ಹಾಡಿನಾಗ ಪ್ರೀತಿ ಮಾಡೋ ಹುಡುಗನೂ ಅದೇ ಮಾತಾಡ್ತಾನ, ಅಳೋ ಹುಡುಗಿನೂ ಅದೇ ಮಾತಾಡ್ತಾಳ. ಬೆಂಗಳೂರಿಗಿ ಗುಳೆ ಹೋಗಿ ಕಟ್ಟಡದ ಕೆಲಸ ಮಾಡೋ ನಮ್ಮ ಹುಡುಗರು ರಾತ್ರಿ ಶೆಡ್ಡಿನಾಗ ಇದೇ ಹಾಡು ಹಚ್ಚಿ ಮಲಗ್ತಾರ. ಟ್ರ್ಯಾಕ್ಟರ್ ಹೊಡೆಯೋನ ಸುದ್ದಿ, ಲಾರಿ ಡ್ರೈವರನ ಸುದ್ದಿ, ಊರಿಗಿ ಬರಲಾರದ ಸುದ್ದಿ ಅದರಾಗ ಅದ. ನೀ ಒಂದು ಹಾಡು ಪೂರಾ ಕೇಳು.

ಮಗಳು: ಆ ಮಾತು ಖರೆ ಅದ ಅಪ್ಪಾ. ನಾ ಸಾಲಿಗಿ ಹೋಗುವಾಗ ಗುರುರಾಜ ಹೊಸಕೋಟಿ ಅವರ ಕ್ಯಾಸೆಟ್ ಹಳ್ಳಿ ಹಳ್ಳ್ಯಾಗ ಬರ್ತಿದ್ದವು. ಚಾದ ಅಂಗಡ್ಯಾಗ, ಟೆಂಪೋದಾಗ, ಜಾತ್ರ್ಯಾಗ ಅದೇ. ಅದು ಹಗುರ ಹಾಡು, ಮನ್ಯಾಗ ಹಚ್ಚಬ್ಯಾಡ ಅಂತ ನೀನೇ ಅಂತಿದ್ದಿ. ಈಗ ಅವರ ಹಾಡು ಕೇಳಿದ್ರ, ನಮ್ಮ ಜಾನಪದ ಹಿಂಗಿತ್ತು ನೋಡು ಅಂತಿ.

ಮುತ್ಯಾ: ಅಂತೀನಿ. ನನ್ನ ಕಿವಿ ಬದಲಾಗ್ಯಾದ, ಅದಕ್ಕ ಅಂತೀನಿ.

ಮಗಳು: ಕಿವಿ ಬದಲಾಗೋದು ಬರೇ ಮಾತಿಗಿ ಅಲ್ಲ. ಒಳಗಿವಿಯಾಗ ಶಂಖದಂಥಾ ಒಂದು ಭಾಗ ಅದ. ಅದರಾಗ ಸಣ್ಣ ಕೂದಲಿನಂಥಾ ಜೀವಕೋಶ ಇರ್ತಾವ. ಎತ್ತರದ ದನಿ ಹಿಡಿಯೋ ಕೋಶ ಮೊದಲ ಸಾಯ್ತಾವ, ಒಮ್ಮಿ ಸತ್ರ ಮತ್ತ ಹುಟ್ಟಲ್ಲ. ಮಾತಿನಾಗ ಸ, ಷ, ತ ಅನ್ನೋ ಅಕ್ಷರಗಳು ಆ ಎತ್ತರದಾಗೇ ಇರ್ತಾವ. ಅದಕ್ಕೇ ವಯಸ್ಸಾದವರಿಗಿ ದನಿ ಕೇಳ್ತದ, ಮಾತು ಬಿಡಿಸಿ ಕೇಳಲ್ಲ. ನಿನ್ನೆ ನಿನಗ ಎದಿ ದಡದಡ ಅಂದು ಅಕ್ಷರ ಸಿಗದೇ ಇದ್ದದ್ದಕ್ಕ ಹಾಡಿನ ತಪ್ಪು ಅರ್ಧ, ಕಿವಿ ವಯಸ್ಸು ಅರ್ಧ. ಆದ್ರ ಅಳಿಯಾ, ಇದು ನಿನಗೂ ಹೇಳೋ ಮಾತು. 80 ಡೆಸಿಬಲ್ ದನಿ ವಾರಕ್ಕ 40 ತಾಸು ಕೇಳಬಹುದು, 90 ಆದ್ರ ವಾರಕ್ಕ 4 ತಾಸು ಅಷ್ಟೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ನೀ ಸೌಂಡ್ ಬಾಕ್ಸಿನ ಮಗ್ಗಲಿಗೇ ನಿಲ್ತಿ. ನಿನ್ನ ಮುತ್ಯಾಗ ಎಪ್ಪತ್ತಕ್ಕ ಬಂದದ್ದು ನಿನಗ ಮೂವತ್ತಕ್ಕ ಬರ್ತದ.

ಮೊಮ್ಮಗ: ರಾತ್ರಿ ಮನಿಗಿ ಬಂದ್ರ ಕಿವ್ಯಾಗ ಸೀಟಿ ಹೊಡೆದಂಗ ಆಗ್ತದ ಅತ್ತಿ. ಮುಂಜಾನಿ ಹೋಗ್ತದ.

ಮಗಳು: ಒಂದು ದಿನ ಹೋಗಲ್ಲ. ಕಿವಿಗಿ ಹಾಕೋ ಪ್ಲಗ್ ತಗೋ. ಮತ್ತ ರಾತ್ರಿ 10 ಆತಂದ್ರ ಬಂದ್ ಮಾಡು. 2000ದ ಶಬ್ದ ಮಾಲಿನ್ಯ ನಿಯಮದಾಗ 10ರಿಂದ ಮುಂಜಾನಿ 6ರ ತನಕ ಬೈಲಿನಾಗ ಧ್ವನಿವರ್ಧಕ ಹಚ್ಚಬಾರದು ಅಂತ ಅದ. ಕೂಸು ಮಲಗಿದ ಮನಿ, ಎದಿ ಬ್ಯಾನಿ ಇದ್ದವರ ಮನಿ ಮುಂದ ದನಿ ಇಳಿಸಿದ್ರ ನಿನ್ನ ಹಾಡಿಗಿ ಬೈಯೋರು ಅರ್ಧ ಕಡಿಮಿ ಆಗ್ತಾರ.

ಮುತ್ಯಾ: ಕಿವಿ ಅಷ್ಟೇ ಅಲ್ಲ, ಕೊಳ್ಳೂ ಬದಲಾಗ್ತದ. ಹರೇದಾಗ ನಾ ಪೇಟಿ ಕರಿ ಐದಕ್ಕ ಹಿಡಿದು ಹಾಡ್ತಿದ್ದೆ. ಬಯಲಾಟದಾಗ ಅಷ್ಟು ಎತ್ತರ ಹಾಡಿದ್ರೇ ಕಡೀ ಸಾಲಿನವರಿಗಿ ಮುಟ್ತಿತ್ತು. ಐವತ್ತರ ಹೊತ್ತಿಗಿ ಕರಿ ಮೂರಕ್ಕ ಇಳಿದೆ. ಈಗ ಕರಿ ಒಂದು. ಪಟ್ಟಿ ಇಳಿದಂಗ ಪದಾನೂ ಬದಲಾದವು. ಮ್ಯಾಲಿನ ಷಡ್ಜಕ್ಕ ಜಿಗಿಯೋ ಹಾಡು ಬಿಟ್ಟೆ, ಕೆಳಗ ಓಡಾಡೋ ಪದ ಹಿಡಿದೆ. ಹಂಗ ಹಿಡಿದ ಮ್ಯಾಲ ಅದರ ಮಾತು ಕೇಳ್ಲಾಕ ಸುರುವಾತು.

ಮೊಮ್ಮಗ: ಮೊದಲ ಕೇಳ್ತಿರಲಿಲ್ಲೇನು? ನೀ ಹುಡುಗ ಇದ್ದಾಗಿಂದ ಭಜನ್ಯಾಗ ಇದ್ದವನು.

ಮುತ್ಯಾ: ಬಾರಸ್ತಿದ್ದೆ, ಕೇಳ್ತಿರಲಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ನೂರು ಸಲ ಬಾರಿಸೀನಿ. ಅವರ ಶಿಷ್ಯ ಚನ್ನೂರು ಜಲಾಲ ಸಾಹೇಬರ ಪದ ಬಾರಿಸೀನಿ. ತಿಂಥಣಿ ಮೌನೇಶ್ವರ ಜಾತ್ರ್ಯಾಗ ಬೆಳಗಾಗೋ ತನಕ ಕುಂತೀನಿ. ನನಗ ಆಗ ಪೇಟ್ಯಾಗ ಬೆರಳು ಎಷ್ಟು ಜೋರು ಓಡ್ತಾವ ಅನ್ನೋದೇ ಮುಖ್ಯ. ಮೈ ಅಂದ್ರ ಮಣ್ಣಿನ ಮನಿ ಅಂತ ಆ ಪದ ಹೇಳಿದ್ರ, ಹೂಂ ಅಂತ ಬಾರಿಸಿ ಎದ್ದು ಬರ್ತಿದ್ದೆ. ನಮ್ಮ ಕಡಿ ಹೆಣದ ಮುಂದ ರಾತ್ರಿಯೆಲ್ಲಾ ಭಜನಿ ಮಾಡ್ತೀವಲ್ಲ, ಹಂಗ ನಮ್ಮಪ್ಪನ ಮುಂದ ಒಂದು ರಾತ್ರಿ, ನಮ್ಮಣ್ಣನ ಮುಂದ ಒಂದು ರಾತ್ರಿ ನಾನೇ ಪೇಟಿ ಹಿಡಿದೆ. ಆಗ ಅದೇ ಪದ, ಅದೇ ಧಾಟಿ, ಕೈ ನಿಂತುಹೋತು. ಅವತ್ತಿನ ತನಕ ಯಾರು ಕುಂದ್ರಿಸಿ ಅರ್ಥ ಹೇಳಿದ್ರೂ ನನಗ ತಿಳೀತಿರಲಿಲ್ಲ. ನಲವತ್ತು ದಾಟಿದ ಮ್ಯಾಲ ಬರೋ ಪದ ಅವು.

ಮೊಮ್ಮಗ: ಹಂಗಾದ್ರ ನನಗ ಈಗ ಅವು ಹಿಡಿಸಲ್ಲ ಅಂತ ನೀವೆಲ್ಲಾ ಯಾಕ ಚಿಂತಿ ಮಾಡ್ತೀರಿ? ನನಗೂ ನಲವತ್ತು ಆಗ್ತದ, ಆಗ ಬರ್ತೀನಿ.

ಮಗಳು: ಇಲ್ಲೇ ಒಂದು ಕಂಟಕ ಅದ. ಮನುಷ್ಯ ವಯಸ್ಸಾದ ಮ್ಯಾಲ ತಾನು ಎಳೇ ಕಿವ್ಯಾಗ ಕೇಳಿದ್ದಕ್ಕ ಮರಳಿ ಬರ್ತಾನ. ಎಂದೂ ಕೇಳದೇ ಇದ್ದದ್ದಕ್ಕ ಬರೋದು ಅಪರೂಪ. 2013ರಾಗ ಕ್ಯಾರಲ್ ಕ್ರುಮ್‌ಹಾನ್ಸಲ್ ಅನ್ನೋ ಸಂಶೋಧಕಿ ಮತ್ತ ಅವರ ಸಂಗಾತಿ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗಿ ಹಿಂದಿನ ದಶಕಗಳ ಹಾಡು ಕೇಳಿಸಿದ್ರು. ಅವರಿಗಿ ತಮ್ಮ ಕಾಲದ ಹಾಡು ಸೇರಿದ್ದು ಸಹಜ. ಅದರ ಕೂಡ ಅವರ ತಾಯಿ ತಂದಿ ಹರೇದಾಗ ಕೇಳಿದ ಹಾಡೂ ನೆನಪಿನೊಳಗ ಇದ್ದವು, ಪ್ರೀತಿನೂ ಇತ್ತು. ಮುತ್ಯಾನ ಕಾಲದ ಹಾಡಿನ ಸುಳಿವೂ ಇತ್ತು. ಒಂದೇ ಮನ್ಯಾಗ ಹಾಡು ಮ್ಯಾಲಿಂದ ಕೆಳಗ ಇಳಿದಿತ್ತು. ಮನ್ಯಾಗ ಒಬ್ಬರು ಹಚ್ಚಿದ್ದು ಎಲ್ಲರ ಕಿವಿಗಿ ಬೀಳ್ತಿತ್ತು, ಅದಕ್ಕ ಇಳೀತು.

ಮೊಮ್ಮಗ: ನಮ್ಮ ಮನ್ಯಾಗ ಈಗ ನಾಕು ಮಂದಿ, ನಾಕು ಇಯರ್‌ಫೋನ್.

ಮಗಳು: ಅದೇ ನನ್ನ ಚಿಂತಿ. ನಿನ್ನ ಡಿಜೆ ನನಗ ಅಷ್ಟು ಅಂಜಿಕಿ ಹುಟ್ಟಿಸಲ್ಲ. ಡಿಜೆ ಬೀದ್ಯಾಗ ಎಲ್ಲರ ಮುಂದ ಅದ, ಜಗಳ ಆಡ್ಲಾಕ ಬರ್ತದ, ಈಗ ಆಡ್ಲಾಕತ್ತೀವಲ್ಲ ಹಂಗ. ಇಯರ್‌ಫೋನ್‌ದಾಗ ನನ್ನ ಮಗ ಏನು ಕೇಳ್ತಾನ ನನಗ ಗೊತ್ತಿಲ್ಲ, ನಾ ಏನು ಕೇಳ್ತೀನಿ ಅವನಿಗಿ ಗೊತ್ತಿಲ್ಲ. ನಾಳಿ ಅವನಿಗಿ ಮರಳಿ ಬರ್ಲಾಕ ನನ್ನ ಹಾಡೇ ಇರಲ್ಲ.

ಮುತ್ಯಾ: ಎಲ್ಲಾ ಕಡಿ ಹಂಗ ಆಗಿಲ್ಲ ಬಿಡು ಯವ್ವಾ. ಮೊಹರಂದಾಗ, ನಮ್ಮ ಅಲಾಯಿ ಹಬ್ಬದಾಗ ನೋಡು. ಕುಣಿ ಸುತ್ತ ಹೆಜ್ಜಿ ಹಾಕುವಾಗ ಅಪ್ಪ, ಮಗ, ಮೊಮ್ಮಗ ಒಂದೇ ಸುತ್ತಿನಾಗ ಇರ್ತಾರ. ರಿವಾಯತ್ ಪದ ಹಾಡೋರು ಕನ್ನಡದಾಗ ಹಾಡ್ತಾರ, ಎಲ್ಲಾ ಜಾತ್ಯಾವರೂ ಹಿಡೀತಾರ. ಅಲ್ಲಿ ಇದು ಹಳೇದು, ಇದು ಹೊಸದು ಅಂತ ಯಾರೂ ಕೇಳಲ್ಲ.

ಮಗಳು: ನೀ ಆಗಲೇ ಗೋಗಿ ಉರ್ಸಿನ ಸುದ್ದಿ ತೆಗೆದಿದ್ದಿ ಅಪ್ಪಾ, ಅಲ್ಲಿ ಮಣ್ಣಾದ ಆದಿಲ್ ಶಾಹಿ ಸುಲ್ತಾನರದೊಂದು ಕಥಿ ಅದ. ಒಂದನೇ ಇಬ್ರಾಹಿಂ ದರಬಾರಿನಾಗ ಪಾರಸಿ ಸರಿಸಿ ದಖನಿಗಿ ಜಾಗ ಕೊಟ್ಟವ. ಅವನ ಗೋರಿ ನಮ್ಮ ಶಹಾಪುರ ತಾಲೂಕಿನ ಗೋಗ್ಯಾಗ ಅದ. ಅವನ ಮೊಮ್ಮಗ ಎರಡನೇ ಇಬ್ರಾಹಿಂ ಬಿಜಾಪುರದಾಗ ಕುಂತು ದಖನಿಯಾಗೇ 'ಕಿತಾಬ್-ಎ-ನವರಸ್' ಬರೆದ. ರಾಗ ಹೆಸರಿಸಿ ಕಟ್ಟಿದ ಹಾಡು ಅದರಾಗ ಅವ, ಸರಸ್ವತಿ, ಗಣಪತಿ ಮ್ಯಾಲೂ ಅವ. ಮುತ್ಯಾ ಭಾಷೆಗಿ ಬಾಗಲ ತೆಗೆದ, ಮೊಮ್ಮಗ ಅದರಾಗ ಹಾಡಿದ.

ಮೊಮ್ಮಗ: ಮುತ್ಯಾ, ಒಂದು ಕೇಳ್ಲಾ? ನೀ ಭಜನ್ಯಾಗ ಹಾಡೋ ಒಂದು ತತ್ವಪದದ ಧಾಟಿ ನನಗ ಎಲ್ಲೋ ಸಿನಿಮಾದಾಗ ಕೇಳಿದಂಗ ಆಗ್ತದ.

ಮುತ್ಯಾ: ಕೇಳಿರ್ತಿ. ಎಪ್ಪತ್ತರ ದಶಕದಾಗ ನಾವೇ ಹರೇದವ್ರು ಸಿನಿಮಾ ಹಾಡಿನ ಧಾಟಿಗಿ ಹಳೇ ಪದ ಕೂಡಿಸಿದ್ವಿ. ಭಜನಿ ಪುಸ್ತಕದಾಗ ಪದದ ಮ್ಯಾಲ 'ಧಾಟಿ' ಅಂತ ಬರೆದು ಸಿನಿಮಾ ಹಾಡಿನ ಮೊದಲ ಮಾತು ಹಾಕಿರ್ತಾರ, ನೋಡಿಲ್ಲೇನು? ಹಂಗ ಮಾಡಿದ್ದಕ್ಕೇ ಅವತ್ತಿನ ಹುಡುಗರು ಗುಡಿಗಿ ಬಂದ್ರು. ಆದ್ರ ಆ ಪದಕ್ಕ ಅದಕ್ಕಿಂತ ಮೊದಲ ಬ್ಯಾರೆ ಧಾಟಿ ಇತ್ತು. ನಮ್ಮ ಗುರುಗಳು ಏಕತಾರಿ, ದಮ್ಮಡಿ ಹಿಡಿದು ಹಾಡ್ತಿದ್ದದ್ದು. ಅದು ಈಗ ನನಗೊಬ್ಬನಿಗಿ, ಇನ್ನೊಂದೆರಡು ಮಂದಿಗಿ ಬರ್ತದ.

ಮಗಳು: ಪದ ಪುಸ್ತಕದಾಗ ಬಂದಾವ ಅಪ್ಪಾ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ನಾಡಿನ ತತ್ವಪದಗಳ ಸಂಪುಟ ಮಾಲಿನೇ ತಂದದ. ನಮ್ಮ ಕಾಲೇಜಿನ ಹುಡುಗರೂ ಓದಬಹುದು.

ಮುತ್ಯಾ: ಪದ ಅದ, ಧಾಟಿ ಎಲ್ಲದ? ಪುಸ್ತಕ ಹಾಡಲ್ಲ. ನಮ್ಮ ಸುರಪುರದ ಆನಂದದಾಸರು ಕಮಲೇಶವಿಠಲ ಅಂಕಿತದಾಗ ಎಷ್ಟೋ ಪದ ಬರೆದಾರ. ಓದ್ಲಾಕ ಸಿಗ್ತಾವ. ಅವರ ಕಾಲದಾಗ ಹೆಂಗ ಹಾಡ್ತಿದ್ರು ಅಂತ ಹೇಳೋರು ಯಾರು? ನಲವತ್ತು ದಾಟಿದ ಮ್ಯಾಲ ಈ ಹುಡುಗ ಬರ್ತೀನಿ ಅಂದ. ಬರ್ತಾನ, ನನಗ ನಂಬಿಕಿ ಅದ. ಬಂದಾಗ ಅಲ್ಲಿ ಏನಿರ್ತದ?

ಮೊಮ್ಮಗ: ನನ್ನ ಹಂತ್ಯಾಕ ಒಳ್ಳೇ ಮೈಕ್ ಅದ ಮುತ್ಯಾ, ಲ್ಯಾಪ್‌ಟಾಪ್ ಅದ. ನೀ ಪದ ಹಾಡು, ನಾ ರೆಕಾರ್ಡ್ ಮಾಡ್ತೀನಿ. ಮೊದಲ ಹಳೇ ಧಾಟಿ, ಆಮ್ಯಾಲ ನಿಮ್ಮ ಸಿನಿಮಾ ಧಾಟಿ. ಬೀಟ್ ಕೂಡಸಲ್ಲ, ಬಾಸ್ ಏರಸಲ್ಲ. ಪೇಟಿ ಗಾಳಿ ಎಳೆಯೋ ಸಪ್ಪಳನೂ ಇರ್ಲಿ.

ಮುತ್ಯಾ: ನಾ ಒಬ್ಬನೇ ಹಾಡಿದ್ರ ಅದು ಭಜನಿ ಆಗಲ್ಲ. ಹಿಂದ ಹಿಡಿಯೋರು ಬೇಕು. ಅಮಾಸಿ ದಿನ ಗುಡಿಗಿ ಬಾ, ಎಲ್ಲರೂ ಇರ್ತಾರ. ಮತ್ತ ನಿನ್ನ ಹಾಡು ಒಂದು ಪೂರಾ ಕೇಳಂದಿ, ಈಗ ಹಚ್ಚು. ದನಿ ಸಣ್ಣ ಮಾಡಿ ಹಚ್ಚು, ಮಾತು ತಿಳೀಬೇಕು.

ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನ ಭಜನಾ ಮಂಡಳಿಯಲ್ಲಿ, ಅಲಾಯಿ ಮೇಳದಲ್ಲಿ, ಬಯಲಾಟದ ತಂಡದಲ್ಲಿ ಅರವತ್ತು ದಾಟಿದ ಹಾಡುಗಾರರಿದ್ದರೆ, ಈ ವರ್ಷವೇ ಅವರ ಹಾಡನ್ನು ಫೋನಿನಲ್ಲಾದರೂ ಹಿಡಿದಿಡಿ. ಹಾಡಿದವರ ಹೆಸರು, ಊರು, ಪದ ಕಲಿಸಿದವರ ಹೆಸರು, ಹಿಡಿದ ಪಟ್ಟಿ, ಧ್ವನಿ ಹಿಡಿದ ತಾರೀಖು ಜೊತೆಗೇ ಬರೆದಿಡಿ. ಒಂದು ಪ್ರತಿಯನ್ನು ಹಾಡಿದವರ ಮನೆಗೇ ಕೊಡಿ.